ಸೈಕಲ್ ತುಳಿಯೋದು ಸರಿ, ಲೆಕ್ಕದ ಪುಸ್ತಕ ಎಲ್ಲಿ?

ಬಸ್ತಿಹಳ್ಳಿಯ ಹುಡುಗರಿಗೆ ಈಗ ಸೈಕಲ್ ಹುಚ್ಚು. ಬೆಳಗಿನ ಜಾವ ಐದು ಗಂಟೆಗೆಲ್ಲ ಬಸದಿಗಳ ಮುಂದೆ ಹತ್ತು ಹನ್ನೆರಡು ಜನ ಸೇರುತ್ತಾರೆ. ಒಬ್ಬಿಬ್ಬರದು ಹೊಸ ಗೇರ್ ಸೈಕಲ್ಲು, ಉಳಿದವರದು ಅಪ್ಪನ ಕಾಲದ ಅಟ್ಲಾಸು. (ಆ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಗೆ ಬೀಗ ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ!) ಜಾವಗಲ್ ಕಡೆಗೋ ಬೇಲೂರು ಕಡೆಗೋ ಹೋಗಿ, ಬಿಸಿಲೇರುವ ಹೊತ್ತಿಗೆ ವಾಪಸ್ಸು. ಅರಸೀಕೆರೆ, ತಿಪಟೂರು, ತುಮಕೂರು ಹಾದು ಬೆಂಗಳೂರಿನವರೆಗೆ ಇನ್ನೂರು ಕಿಲೋಮೀಟರಿಗೂ ಮೇಲ್ಪಟ್ಟ ಹಾದಿ ತುಳಿಯಬೇಕು, ದಾರಿಯುದ್ದಕ್ಕೂ ದೇಣಿಗೆ ಎತ್ತಿ ಬಡ ಮಕ್ಕಳಿಗೆ ಕೊಡಬೇಕು ಅನ್ನೋದು ಇವರ ಯೋಚನೆ. ಕಟ್ಟೆ ಮೇಲೆ ಕೂತು ಮೊಬೈಲ್ ತಿಕ್ಕುವುದಕ್ಕಿಂತ ಸಾವಿರ ಪಾಲು ಮೇಲು.

ಆದರೆ ಊರಿನ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಬಡ ಮಕ್ಕಳು ಅಂದ್ರೆ ಯಾವ ಮಕ್ಕಳಪ್ಪ? ಯಾರ ಮನೇವು?" ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾಲಿನ ತಯಾರಿಗೆ ಇವರು ಕಡಿಮೆ ಮಾಡಿಲ್ಲ. ದೂರದ ಸವಾರಿ ಮಾಡುವವರ ಬ್ರೆವೆ ಪದ್ಧತಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಗಡುವು. ಅಂದರೆ ಗಂಟೆಗೆ 15 ಕಿಲೋಮೀಟರು, ಅದರೊಳಗೇ ಊಟ, ಪಂಕ್ಚರು, ಸುಧಾರಿಸಿಕೊಳ್ಳುವುದು ಎಲ್ಲ. ಕೇಳೋಕೆ ಸುಲಭ. ಬೇಲೂರಿಗೆ 16 ಕಿಲೋಮೀಟರು, ಹೋಗಿ ಬಂದರೆ 32. ಮೊದಲ ಭಾನುವಾರ ಅಷ್ಟಕ್ಕೇ ಸೊಂಟ ಹಿಡಿದುಕೊಂಡು ಕೂತವರಿದ್ದಾರೆ. ವಾರವಾರ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತ ಹೋಗಬೇಕೇ ಹೊರತು ಒಂದೇ ದಿನ ನೂರು ತುಳೀತೀನಿ ಅಂತ ಹೊರಟರೆ ಮಂಡಿ ಕೈಕೊಡುತ್ತದೆ. ಅರ್ಧ ಜನರ ಸೀಟು ತಗ್ಗಿನಲ್ಲಿರುತ್ತದೆ. ಸೀಟಿನ ಮೇಲೆ ಕೂತು ಕೆಳಗಿನ ಪೆಡಲಿಗೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು, ಇಷ್ಟು ನೋಡಿಕೊಂಡರೆ ಮಂಡಿ ನೋವು ಎಷ್ಟೋ ಕಡಿಮೆ. ಹಸಿವಾಗುವ ಮುಂಚೆ ತಿನ್ನಬೇಕು, ಬಾಯಾರುವ ಮುಂಚೆ ಕುಡಿಯಬೇಕು, ಬರೀ ನೀರಲ್ಲ, ಉಪ್ಪು ಸಕ್ಕರೆ ಬೆರೆಸಿದ ನೀರು. ಬಾಳೆಹಣ್ಣು, ಕಡಲೆಮಿಠಾಯಿ ಜೇಬಿನಲ್ಲಿರಲಿ. ಪಂಕ್ಚರ್ ಹಾಕುವುದನ್ನು ಪ್ರತಿಯೊಬ್ಬನೂ ಕಲಿತಿರಲಿ; ರಾತ್ರಿ ಹೊತ್ತು ಬಾಣಾವರದ ಆಚೆ ಟ್ಯೂಬು ಒಡೆದರೆ ಅಂಗಡಿಯವನನ್ನು ಎಬ್ಬಿಸುವವರು ಯಾರು?

ಇನ್ನು ರಸ್ತೆ. ಚಳಿಗಾಲದ ಬೆಳಗಿನಲ್ಲಿ ಇಲ್ಲಿ ಮಂಜು ಹೇಗೆ ಕವಿಯುತ್ತದೆಂದು ಲಾರಿಯವರಿಗೆ ಗೊತ್ತು. ಹಿಂದೆ ಕೆಂಪು ದೀಪವಿಲ್ಲದ ಸೈಕಲ್ಲು ಆ ಮಂಜಿನಲ್ಲಿ ಇದ್ದೂ ಇಲ್ಲದ ಹಾಗೆ. ಹನ್ನೆರಡು ಜನ ಹರಟುತ್ತ ಸಾಲಾಗಿ ಅಡ್ಡ ಹೋಗುವುದನ್ನು ಮೊದಲು ಬಿಡಬೇಕು. ಹಿಂದೊಂದು ಗಾಡಿ ಬರಲಿ, ದಾರಿಯ ಪೊಲೀಸ್ ಠಾಣೆಗಳಿಗೆ ಮುಂಚೆಯೇ ಒಂದು ಅರ್ಜಿ ಹೋಗಲಿ. ದಾನ ಎತ್ತಲು ಹೊರಟ ಹುಡುಗನನ್ನು ಆಂಬುಲೆನ್ಸಿನಲ್ಲಿ ತರುವಂತಾದರೆ ಅವನ ತಾಯಿಗೆ ಯಾರು ಉತ್ತರ ಹೇಳುತ್ತಾರೆ?

ಸೈಕಲ್ಲಿನಲ್ಲಿ ದೇಶ ಸುತ್ತುವುದು ಹೊಸದೇನಲ್ಲ. ಬಾಬಾ ಆಮ್ಟೆ 1985ರ ಡಿಸೆಂಬರಿನಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದ ಕಡೆಗೆ ಭಾರತ ಜೋಡೋ ಯಾತ್ರೆ ಹೊರಡಿಸಿದಾಗ ನೂರಕ್ಕೂ ಹೆಚ್ಚು ಯುವಕ ಯುವತಿಯರು ಪೆಡಲ್ ತುಳಿದರು. ಬೆನ್ನುಮೂಳೆಯ ತೊಂದರೆಯಿಂದ ಕೂರಲಾಗದ ಆಮ್ಟೆ ವಾಹನದಲ್ಲಿ ಮಲಗಿಕೊಂಡೇ ಜತೆಗೆ ಹೋದರು. ಅದು ಹಣ ಎತ್ತುವ ಯಾತ್ರೆಯಲ್ಲ, ಹಾಗಾಗಿ ಅಲ್ಲಿ ಲೆಕ್ಕದ ತಂಟೆಯೇ ಬೇರೆ.

ಹಣ ಎತ್ತುವ ಸವಾರಿಗೆ ಅಮೆರಿಕದ ಎರಡು ಕತೆ ಕೇಳಬೇಕು. 1980ರಲ್ಲಿ ಬಿಲ್ಲಿ ಸ್ಟಾರ್ ಎಂಬಾತ, ಕ್ಯಾನ್ಸರಿನಿಂದ ತಾಯಿಯನ್ನು ಕಳೆದುಕೊಂಡವನು, ಮೂವತ್ತಾರು ಮಂದಿಯ ಸವಾರಿ ಮಾಡಿಸಿ 10,200 ಡಾಲರ್ ಕೂಡಿಸಿ ಬಾಸ್ಟನ್ನಿನ ಕ್ಯಾನ್ಸರ್ ಆಸ್ಪತ್ರೆಗೆ ಕೊಟ್ಟ. ಪ್ಯಾನ್‌ಮ್ಯಾಸ್ ಚಾಲೆಂಜ್ ಎಂಬ ಆ ಸವಾರಿ ಇವತ್ತಿಗೂ ನಿಂತಿಲ್ಲ. ಸವಾರರು ಎತ್ತಿದ ಪ್ರತಿ ಡಾಲರೂ ಆಸ್ಪತ್ರೆಗೇ, ಖರ್ಚಿನ ಬಾಬ್ತು ಬೇರೆ, ಇದು ಅವರ ಕಟ್ಟಳೆ. ಇನ್ನೊಂದು, 1994ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸಿಗೆ ಹೊರಟ ಏಡ್ಸ್ ಸವಾರಿ. ನಡೆಸಿದ್ದು ಪಲೋಟಾ ಟೀಮ್‌ವರ್ಕ್ಸ್ ಎಂಬ ಕಂಪನಿ. ಹಣವೇನೋ ಹೊಳೆಯಂತೆ ಬಂತು. ಆದರೆ ಟೆಂಟು, ಊಟ, ಜಾಹೀರಾತಿಗೇ ಇಷ್ಟೊಂದು ಹೋದರೆ ರೋಗಿಗೆ ಎಷ್ಟು ಉಳೀತು ಅಂತ ಕೇಳುವವರು ಹುಟ್ಟಿಕೊಂಡರು. 2002ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ತುಳಿದವರ ಬೆವರು ಎರಡೂ ಕಡೆ ಒಂದೇ.

ಅಷ್ಟು ದೂರ ಯಾಕೆ ಹೋಗಬೇಕು, ಬಸ್ತಿಹಳ್ಳಿಯಲ್ಲೇ ನೋಡಿದರಾಯಿತು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪೂಜೆಯ ಪ್ರಸಾದ ಬಂದ ಹೊತ್ತಿಗೆ ದೊರೆಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಗಂಡು ಮಗುವೂ ಹುಟ್ಟಿತ್ತು. ಖುಷಿಯಲ್ಲಿ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟು ಜಾವಗಲ್ ಊರನ್ನು ದತ್ತಿ ಬಿಟ್ಟ. ಕೊಟ್ಟವರು ಯಾರು, ಕೊಟ್ಟದ್ದೇನು, ಯಾತಕ್ಕೆ ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಸಿಟ್ಟಿದ್ದಾರೆ. ಹುಡುಗರು ದಿನಾ ಸೈಕಲ್ ಒರಗಿಸುವುದು ಆ ಬಸದಿಯ ಹತ್ತಿರವೇ, ತುಳಿಯುವುದು ಆ ಜಾವಗಲ್ ದಾರಿಯಲ್ಲೇ!

ಹಾಗಾದರೆ ಹಣ ಯಾರಿಗೆ? ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತ ಬಂತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದೆ ಇದ್ದುದಕ್ಕೆ ಆ ಸೈಕಲ್ಲೂ ಒಂದು ಕಾರಣ. ಕೋವಿಡ್ ಬಂದಾಗ ಅದು ನಿಂತಿತು. ಆಗ ಕೊಟ್ಟವುಗಳಲ್ಲಿ ಎಷ್ಟೋ ಇವತ್ತು ದನದ ಕೊಟ್ಟಿಗೆಯಲ್ಲಿ, ಟೈರು ಸೀಳಿ, ಚೈನು ತುಕ್ಕು ಹಿಡಿದು ಬಿದ್ದಿವೆ. ಒಂದು ಜತೆ ಟೈರು ಟ್ಯೂಬು, ಬ್ರೇಕಿನ ರಬ್ಬರು, ಒಂದು ಚೈನು ಹಾಕಿಸಿದರೆ ಮತ್ತೆ ಓಡುತ್ತವೆ. ಮನೆಯಲ್ಲಿ ಅಷ್ಟು ದುಡ್ಡು ಸಿಗದ ಹುಡುಗಿ ಬಸ್ಸಿಗೆ ಕಾಯುತ್ತಾಳೆ. ಬಸ್ಸು ತಪ್ಪಿದ ದಿನ ಮನೆಯಲ್ಲೇ ಉಳಿಯುತ್ತಾಳೆ. ಸುತ್ತಲಿನ ಶಾಲೆಗಳ ಮುಖ್ಯೋಪಾಧ್ಯಾಯರನ್ನು ಕೇಳಿದರೆ ಯಾವ ಮನೆಯಲ್ಲಿ ಯಾವ ಸೈಕಲ್ಲು ಕೆಟ್ಟು ನಿಂತಿದೆ ಅನ್ನೋ ಪಟ್ಟಿ ಒಂದು ವಾರದಲ್ಲಿ ಕೈಗೆ ಬರುತ್ತದೆ. ಆ ಪಟ್ಟಿ ಹಿಡಿದು ದಾರಿಯ ಅಂಗಡಿಯವನ ಮುಂದೆ ನಿಂತರೆ ಅವನೂ ನೂರಿನ ಕಡೆ ಇನ್ನೂರು ಕೊಟ್ಟಾನು.

ಕೆಲವರು, "ಲೆಕ್ಕ ಕೇಳೋದು ಅಂದ್ರೆ ನಮ್ಮ ಮೇಲೆ ಅನುಮಾನವಾ?" ಅಂತ ಮುಖ ಊದಿಸುತ್ತಾರೆ. ಅನುಮಾನವಲ್ಲ ಸ್ವಾಮಿ. ಗಣಪತಿ ಚಂದಾ, ರಾಜ್ಯೋತ್ಸವ ಚಂದಾ ಕೊಟ್ಟೂ ಕೊಟ್ಟೂ ಈ ಸೀಮೆಯ ಅಂಗಡಿಯವರಿಗೆ ಡಬ್ಬಿ ಕಂಡರೆ ಒಳಗೆ ಹೋಗುವ ಅಭ್ಯಾಸವಾಗಿಬಿಟ್ಟಿದೆ. ನಂಬರು ಹಾಕಿದ ರಶೀದಿ ಪುಸ್ತಕ ಬೇಕು. ಬ್ಯಾಂಕಿನಲ್ಲಿ ಮೂವರ ಸಹಿಯ ಖಾತೆ ಬೇಕು. ತೆರಿಗೆ ವಿನಾಯಿತಿ ಸಿಗುತ್ತದೆಂದು ದೊಡ್ಡ ಕುಳಗಳಿಗೆ ಆಸೆ ಹುಟ್ಟಿಸುವ ಮುಂಚೆ ಸಂಬಂಧಪಟ್ಟ ನೋಂದಣಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು; ಇದ್ದರೂ ಎರಡು ಸಾವಿರ ದಾಟಿದ ನಗದಿಗೆ ಆ ವಿನಾಯಿತಿ ಇಲ್ಲ. ಟೀ ಶರ್ಟು, ಫ್ಲೆಕ್ಸು, ಊಟದ ಖರ್ಚನ್ನು ಸವಾರರೇ ಕೈಯಿಂದ ಹಾಕಿಕೊಳ್ಳಲಿ, ದಾನದ ಡಬ್ಬಿ ಮುಟ್ಟುವುದು ಬೇಡ. ವಾಪಸ್ಸು ಬಂದು ಒಂದು ತಿಂಗಳೊಳಗೆ ಜಮಾ ಖರ್ಚಿನ ಹಾಳೆ ಪಂಚಾಯಿತಿ ಬೋರ್ಡಿನ ಮೇಲೂ ಹಾಲಿನ ಡೈರಿಯ ಗೋಡೆಯ ಮೇಲೂ ಅಂಟಬೇಕು. ಡೈರಿ ಯಾಕೆಂದರೆ ಪಂಚಾಯಿತಿ ಬೋರ್ಡು ಓದುವವರು ಕಡಿಮೆ, ಹಾಲು ಹಾಕಲು ಊರೆಲ್ಲ ಬರುತ್ತದೆ.

ಟೀ ಶರ್ಟಿಗೆ ಅಳತೆ ಕೊಟ್ಟಾಗಿದೆಯಂತೆ. ಬಣ್ಣ ನೀಲಿಯೋ ಕೇಸರಿಯೋ ಎಂಬ ಬಗ್ಗೆ ಎರಡು ಸಂಜೆ ಜಗಳವೂ ಆಗಿದೆ. ರಶೀದಿ ಪುಸ್ತಕ ಹಾಸನದ ಯಾವ ಪ್ರೆಸ್ಸಿನಲ್ಲಾದರೂ ಒಂದೆರಡು ದಿನದಲ್ಲಿ ಅಚ್ಚಾಗುತ್ತದೆ. ಅದನ್ನು ಹಾಕಿಸಲು ಈ ವಾರದವರೆಗೆ ಯಾರೂ ಹೋಗಿಲ್ಲ.