ದಡದ ಗೋಡೆಗೆ ಹುಳ ಬಿದ್ದಾಗ

ಈ ಸಲ ಮಾಗಾಣಿ ಬೇರಿನ ಉಪ್ಪಿನಕಾಯಿ ಬಗ್ಗೆ ಬರೀಬೇಕು ಅಂದುಕೊಂಡಿದ್ದೆ. ಆದರೆ ಮೊನ್ನೆ ಭಾನುವಾರ ಹಿತ್ತಲಲ್ಲಿ ಓಡಾಡುತ್ತಿದ್ದ ಮೊಮ್ಮಗಳ ಕಾಲು ಹುಲ್ಲುಹಾಸಿನೊಳಗೆ ಮೊಣಕಾಲಿನವರೆಗೆ ಇಳಿದುಹೋಯಿತು. ಪೆಟ್ಟೇನೂ ಆಗಲಿಲ್ಲ, ಹೆದರಿ ಅತ್ತಳು ಅಷ್ಟೇ. ಆವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹಾಗಾಗಿ ಉಪ್ಪಿನಕಾಯಿ ಮುಂದಿನ ಸಲಕ್ಕೆ.

ಮಗಳ ಮನೆ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಬಾರ್ನೆಗಾಟ್ ಕೊಲ್ಲಿಯ ಪಕ್ಕದಲ್ಲಿ. ಹಿಂದೆ ಇಲ್ಲೆಲ್ಲ ಉಪ್ಪುನೀರಿನ ಜೌಗು ಇತ್ತಂತೆ. ಅದನ್ನು ಅಗೆದು ಕಾಲುವೆ ಮಾಡಿ, ತೆಗೆದ ಮಣ್ಣನ್ನೇ ಪಕ್ಕಕ್ಕೆ ಹಾಕಿ, ಅದರ ಮೇಲೆ ಸಾಲಾಗಿ ಮನೆ ಕಟ್ಟಿದ್ದಾರೆ. ಹಿತ್ತಲ ಬಾಗಿಲು ತೆಗೆದರೆ ಒಂದಿಷ್ಟು ಹುಲ್ಲು, ಆಮೇಲೆ ಒಂದು ಮರದ ಗೋಡೆ, ಅದರಾಚೆ ನೀರು. ಈ ಗೋಡೆಗೆ ಇಲ್ಲಿನವರು ಬಲ್ಕ್‌ಹೆಡ್ ಅನ್ನುತ್ತಾರೆ. ಕೆಸರಿನೊಳಗೆ ಸಾಲಾಗಿ ಕಂಬ ಇಳಿಸಿ, ಅವಕ್ಕೆ ಅಡ್ಡ ತೊಲೆ ಕೊಟ್ಟು, ಹಲಗೆ ನಿಲ್ಲಿಸಿರುತ್ತಾರೆ. ಹಲಗೆಯ ಹಿಂದೆ ಮಣ್ಣು. ಗೋಡೆ ನೀರಿನ ಕಡೆ ವಾಲದಂತೆ ಹಿತ್ತಲಿನ ಒಳಗೆ ಹೂತ ಮರಕ್ಕೆ ಕಬ್ಬಿಣದ ಸಲಾಕೆಯಿಂದ ಕಟ್ಟಿರುತ್ತಾರೆ. ಸರಳವಾಗಿ ಹೇಳಬೇಕೆಂದರೆ ಹಿತ್ತಲು ನಿಂತಿರುವುದೇ ಈ ಹಲಗೆಗಳ ಮೇಲೆ. ಹಲಗೆ ಹೋದರೆ ಹಿತ್ತಲು ಹೋಯಿತು, ಆಮೇಲೆ ಮನೆಯ ಅಡಿಪಾಯದ ಸರದಿ.

ಅಳಿಯಂದಿರು ಎರಡು ಚೀಲ ಮಣ್ಣು ತಂದು ಗುಂಡಿಗೆ ಸುರಿಯಲು ಹೊರಟರು. ನಾನು ತಡೆದೆ.

“ಮಣ್ಣು ಆಮೇಲೆ ಹಾಕಿ. ಅಲ್ಲಿದ್ದ ಮಣ್ಣು ಎಲ್ಲಿಗೆ ಹೋಯಿತು ಅಂತ ಮೊದಲು ನೋಡಿ.”

“ಮಳೆಗೆ ಕುಸಿದಿರಬೇಕು ಅತ್ತೆ. ಗೋಡೆಗೆ ಹೋದ ವರ್ಷ ತಾನೆ ಬಣ್ಣ ಹೊಡೆಸಿದ್ದೀವಿ, ಗಟ್ಟಿಯಾಗಿದೆ.”

ಗಟ್ಟಿಯಾಗಿದೆ ಅನ್ನುವ ಆ ಮಾತು ಕೇಳಿ ನನಗೆ ಒಳಗೆ ಝಲ್ ಅಂದಿತು. ಅದೇ ಮಾತನ್ನು ನನ್ನ ಅಪ್ಪ ಹೇಳಿದ್ದು ನೆನಪಾಯಿತು.

ನಮ್ಮೂರು ಅಘನಾಶಿನಿ ದಡದ್ದು. ಅಲ್ಲಿ ಗಜನಿ ಗದ್ದೆಗಳು ಗೊತ್ತಿರುವವರಿಗೆ ಗೊತ್ತು. ಹೊಳೆಯ ಉಪ್ಪುನೀರಿಗೆ ಮಣ್ಣಿನ ಒಡ್ಡು, ಒಡ್ಡಿನ ನಡುವೆ ಮರದ ಹಲಗೆಯ ಬಾಗಿಲು, ಒಳಗೆ ಕಗ್ಗದ ಬೆಳೆ. ಕಗ್ಗ ಒಂದಿಷ್ಟು ಉಪ್ಪು ತಡೆಯುವ ಭತ್ತ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ. ಬೇಸಿಗೆಯಲ್ಲಿ ಬಾಗಿಲ ಹಲಗೆಗಳನ್ನು ಎಬ್ಬಿಸಿ, ಬಿಸಿಲಿಗೆ ಒಣಗಿಸಿ, ಗೇರುಸಿಪ್ಪೆಯ ಎಣ್ಣೆ ಬಳಿದು ಮತ್ತೆ ಇಳಿಸುವುದು ಅಪ್ಪನ ವಾಡಿಕೆ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅಕ್ಕನ ಮದುವೆ ಬಂತು, ಕೈಯಲ್ಲಿ ಕಾಸಿಲ್ಲ, ಆಳಿಲ್ಲ. “ಹಲಗೆ ಗಟ್ಟಿಯಾಗೇ ಇದೆ, ಬಪ್ಪ ವರ್ಷ ನೋಡ್ವ” ಅಂದರು ಅಪ್ಪ. ಆ ವರ್ಷ ತೆನೆ ಕಟ್ಟುವ ಹೊತ್ತಿಗೆ ಒಂದು ಅಮಾವಾಸ್ಯೆಯ ಭರತಕ್ಕೆ ರಾತ್ರಿ ಹಲಗೆ ಮುರಿಯಿತು. ಬೆಳಗಾಗುವಷ್ಟರಲ್ಲಿ ಗದ್ದೆಯೆಲ್ಲ ಹೊಳೆ. ಮುರಿದ ಹಲಗೆಯನ್ನು ಅಪ್ಪ ಅಂಗಳಕ್ಕೆ ತಂದು ಹಾಕಿದ್ದರು. ಹೊರಮೈ ಹೊಸದರ ಹಾಗೆ, ಒಳಗೆ ಜೇನುಹುಟ್ಟಿನ ಹಾಗೆ. ಆ ವರ್ಷ ನಾವು ಅಕ್ಕಿ ಕೊಂಡು ಉಂಡೆವು.

ಇದನ್ನು ಅಳಿಯಂದಿರಿಗೆ ಪೂರ್ತಿ ಹೇಳಲಿಲ್ಲ. “ಒಂದು ಸುತ್ತಿಗೆ ಕೊಡಿ” ಅಂದೆ ಅಷ್ಟೇ.

ಇಳಿತದ ಹೊತ್ತು ನೋಡಿ ಇಬ್ಬರೂ ಸಣ್ಣ ದೋಣಿಯಲ್ಲಿ ಗೋಡೆಯ ಬುಡಕ್ಕೆ ಹೋದೆವು. ಮೇಲಿನ ಹಲಗೆಗೆ ಬಡಿದರೆ ಟಣ್ ಅಂತ ಗಟ್ಟಿ ಸದ್ದು. ಕೆಳಗೆ, ಸದಾ ನೀರಿನಲ್ಲಿ ಮುಳುಗಿರುವ ಕಡೆ ಬಡಿದರೆ ಡಬ್ ಅಂತ ಟೊಳ್ಳು ಸದ್ದು. ಅಳಿಯಂದಿರು ಸ್ಕ್ರೂಡ್ರೈವರ್ ಒತ್ತಿದರು. ಹಿಡಿಕೆಯವರೆಗೆ ಹೋಯಿತು. ಕಿತ್ತು ಬಂದ ಚೂರಿನೊಳಗೆ ಬೆರಳು ದಪ್ಪದ ಸುರಂಗಗಳು, ಒಳಗೋಡೆಗೆ ಸುಣ್ಣ ಬಳಿದಂತೆ ಬಿಳಿ. ಒಂದರೊಳಗೆ ಮೆತ್ತನೆಯ ಉದ್ದ ಹುಳ. ಅಳಿಯಂದಿರ ಮುಖ ಆ ಸುಣ್ಣದ ಬಣ್ಣಕ್ಕೆ ತಿರುಗಿತು.

ಹುಳ ಅನ್ನುವುದು ನಮ್ಮ ಬಾಯಿಮಾತು. ನಿಜಕ್ಕೂ ಅದು ಹುಳ ಅಲ್ಲ, ನಮ್ಮ ಕಡೆಯ ಬಳಚಿನ ಸಂಬಂಧಿ, ಚಿಪ್ಪಿನ ಜೀವಿ. ಟೆರೆಡೊ ಅಂತ ಅದರ ಹೆಸರು, ಹಡಗುಹುಳು ಅನ್ನುವುದೂ ಇದನ್ನೇ. ಮೈ ಮುಚ್ಚಬೇಕಾದ ಎರಡು ಚಿಪ್ಪು ಇದರಲ್ಲಿ ಪುಟ್ಟದಾಗಿ ತಲೆಯ ತುದಿಗೆ ಉಳಿದು ಅರದ ಕೆಲಸ ಮಾಡುತ್ತವೆ. ನೀರು ಬೆಚ್ಚಗಿರುವ ಕಾಲದಲ್ಲಿ ಇದರ ಮರಿ ತೇಲಿ ಬಂದು ಮರಕ್ಕೆ ಅಂಟಿ, ಗುಂಡುಸೂಜಿಯ ತಲೆಯಷ್ಟು ತೂತು ಕೊರೆದು ಒಳಗೆ ಹೋಗುತ್ತದೆ. ಆಮೇಲೆ ಹೊರಗೆ ಬರುವುದೇ ಇಲ್ಲ. ಒಳಗೇ ಉದ್ದವಾಗಿ, ದಪ್ಪವಾಗಿ, ಮರದ ಎಳೆಯ ಗುಂಟ ಕೊರೆಯುತ್ತ ಹೋಗುತ್ತದೆ. ಮರದ ಪುಡಿಯನ್ನು ಅರಗಿಸಲು ಅದರ ಕಿವಿರಿನಲ್ಲಿ ಬ್ಯಾಕ್ಟೀರಿಯಾಗಳಿವೆ. ಪಕ್ಕದ ಹುಳದ ಸುರಂಗಕ್ಕೆ ಸಾಮಾನ್ಯವಾಗಿ ಹಾಯುವುದಿಲ್ಲ, ಮರದ ಹೊರಮೈಯನ್ನೂ ಒಡೆಯುವುದಿಲ್ಲ. ಅದಕ್ಕೇ ಹೊರಗಿನಿಂದ ನೋಡುವವರಿಗೆ ಮರ ಗಟ್ಟಿಯಾಗೇ ಕಾಣುತ್ತದೆ.

ಇದರ ಜೊತೆಗೆ ಇನ್ನೊಂದು ಜೀವಿ ಇದೆ, ಗ್ರಿಬಲ್. ಇದು ಸೀಗಡಿ, ಏಡಿಗಳ ಕಡೆಯ ನೆಂಟ, ಅಕ್ಕಿಕಾಳಿಗಿಂತ ಚಿಕ್ಕದು. ಇದು ಮರವನ್ನು ಹೊರಗಿನಿಂದ ತಿನ್ನುತ್ತದೆ. ಭರತ ಇಳಿತಗಳ ನಡುವಿನ ಜಾಗದಲ್ಲಿ ಕಂಬ ಸವೆದು ಸವೆದು ಡಮರುವಿನ ಆಕಾರ ಬಂದಿದ್ದರೆ ಅದು ಗ್ರಿಬಲ್‌ನ ಕೆಲಸ ಅಂತ ತಿಳಿಯಬಹುದು. ಕಣ್ಣಿಗೆ ಕಾಣುವ ಶತ್ರು ಅದು. ಟೆರೆಡೊ ಮಾತ್ರ ಮನೆಯೊಳಗೇ ಇದ್ದು ಮನೆ ಮುರಿಯುವಂಥದ್ದು.

ಪಕ್ಕದ ಮನೆಯ ಅಜ್ಜ ಬಂದು ಮರದ ಚೂರನ್ನು ನೋಡಿ ತಲೆಯಾಡಿಸಿದರು. ಅವರಿಗೆ ಇದು ಹೊಸದಲ್ಲ. ಇದೇ ಕೊಲ್ಲಿಯ ದಡದಲ್ಲಿ ಆಯ್ಸ್ಟರ್ ಕ್ರೀಕ್ ಅನ್ನುವ ಅಣುವಿದ್ಯುತ್ ಸ್ಥಾವರ 1969ರಲ್ಲಿ ಶುರುವಾಯಿತು. ಒಂದು ಹೊಳೆಯಿಂದ ಕೊಲ್ಲಿಯ ನೀರನ್ನು ಎಳೆದು, ಯಂತ್ರ ತಂಪು ಮಾಡಿ, ಬಿಸಿಯಾದ ನೀರನ್ನು ಇನ್ನೊಂದು ಹೊಳೆಗೆ ಬಿಡುತ್ತಿದ್ದರು. ಸಿಹಿನೀರು ಬೆರೆತಿದ್ದ ಆ ಹೊಳೆ ಉಪ್ಪಾಯಿತು, ಬೆಚ್ಚಗೂ ಆಯಿತು. ಟೆರೆಡೊಗೆ ಬೇಕಾದ್ದು ಅದೇ ಎರಡು. 1970ರ ದಶಕದಲ್ಲಿ ಅಲ್ಲಿನ ದೋಣಿಕಟ್ಟೆಗಳ ಮರ ಹುಳಕ್ಕೆ ಬಲಿಯಾಯಿತು. ಬಿಸಿ ಕಡಲಿನ ಟೆರೆಡೊ ಬಾರ್ಟ್‌ಷಿ ಅನ್ನುವ ಜಾತಿ ಕೂಡ ಈ ಚಳಿನಾಡಿನಲ್ಲಿ ಬೇರೂರಿದ್ದನ್ನು ವಿಜ್ಞಾನಿಗಳು ಅಲ್ಲೇ ಕಂಡರು. ಸ್ಥಾವರ 2018ರಲ್ಲಿ ನಿಂತಿತು. ಆದರೆ ಈ ಕೊಲ್ಲಿಗೆ ತನ್ನದೇ ಜಾತಿಯ ಹುಳಗಳು ಮೊದಲಿಂದಲೂ ಇವೆ, ಅವು ಎಲ್ಲಿಗೂ ಹೋಗಿಲ್ಲ. ಅಜ್ಜ ಇನ್ನೊಂದು ಮಾತು ಹೇಳಿದರು: 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಈ ಬೀದಿಯಲ್ಲಿ ಮೊದಲು ಬಿದ್ದ ಗೋಡೆಗಳು ಒಳಗೆ ಟೊಳ್ಳಾಗಿದ್ದವೇ.

ಇದು ಒಂದೂರಿನ ಕಷ್ಟವೂ ಅಲ್ಲ. 1731ರಲ್ಲಿ ನೆದರ್ಲೆಂಡಿನ ಕಡಲ ಒಡ್ಡುಗಳ ಮರದ ಕಂಬಗಳನ್ನು ಈ ಹುಳ ತಿಂದುಹಾಕಿದ್ದು ಗೊತ್ತಾದಾಗ ಇಡೀ ನಾಡೇ ನಡುಗಿತ್ತು. ಕೊನೆಗೆ ಅವರು ಮರ ಬಿಟ್ಟು ಹೊರನಾಡಿನಿಂದ ಕಲ್ಲು ತರಿಸಿ ಒಡ್ಡಿಗೆ ಹೊದಿಸಬೇಕಾಯಿತು.

ಈಗ ನಮ್ಮ ಗೋಡೆಯ ಮಾತು. ಹೋದ ವರ್ಷ ಒಬ್ಬ ಗುತ್ತಿಗೆದಾರರು ಬಂದು “ಇನ್ನು ಹತ್ತು ವರ್ಷ ಚಿಂತೆಯಿಲ್ಲ” ಅಂತ ನೀರಿನ ಮೇಲಿನ ಭಾಗಕ್ಕೆ ಕಪ್ಪು ಬಣ್ಣ ಹೊಡೆದು ದುಡ್ಡು ತೆಗೆದುಕೊಂಡು ಹೋಗಿದ್ದರು. ಹುಳ ಇರುವುದು ನೀರಿನ ಕೆಳಗೆ, ಅದೂ ಮರದ ಒಳಗೆ. ಹೊರಗಿನ ಬಣ್ಣ ಅದನ್ನು ಮುಟ್ಟುವುದೇ ಇಲ್ಲ. ಮಗಳಿಗೆ ಅಳು ಬರುವುದೊಂದು ಬಾಕಿ. “ಅಮ್ಮ, ಪೂರ್ತಿ ಹೊಸ ಗೋಡೆ ಅಂದ್ರೆ ಒಂದು ಕಾರಿನ ದುಡ್ಡು. ಮುಂದಿನ ವರ್ಷ ನೋಡೋಣ್ವಾ?” ಅಂದಳು. ಆಗ ಅವಳಿಗೆ ಗಜನಿ ಬಾಗಿಲಿನ ಕಥೆ ಪೂರ್ತಿ ಹೇಳಿದೆ. ಅಜ್ಜನ ಗದ್ದೆಗೆ ಒಮ್ಮೆ ನೀರು ನುಗ್ಗಿತ್ತು ಅನ್ನುವುದು ಅವಳಿಗೆ ಗೊತ್ತಿತ್ತು. ಯಾಕೆ ನುಗ್ಗಿತು ಅನ್ನುವುದನ್ನು ನಾನು ಯಾವತ್ತೂ ಹೇಳಿರಲಿಲ್ಲ. ಅಪ್ಪನ ತಪ್ಪು ಅಂತ ಹೇಳಲು ಮನಸ್ಸು ಬಂದಿರಲಿಲ್ಲ.

ಮರುವಾರ ನೀರಿಗಿಳಿದು ಪರೀಕ್ಷೆ ಮಾಡುವ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಒಂದೊಂದೇ ಕಂಬ, ಒಂದೊಂದೇ ಹಲಗೆ ಚುಚ್ಚಿ ನೋಡಿದರು. ಅವರು ಹೇಳಿದ್ದನ್ನು ಕೆಲಸಕ್ಕೆ ಬರುವವರಿಗಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ತಿಂದುಹೋದ ಮರಕ್ಕೆ ಮದ್ದಿಲ್ಲ. ಅದನ್ನು ಬದಲಿಸಲೇಬೇಕು. ಕಿತ್ತ ಮರವನ್ನು ನೀರಿನಲ್ಲಿ ಬಿಡಬಾರದು, ದಡಕ್ಕೆ ಎಳೆದು ಸಾಗಿಸಬೇಕು. ಇಲ್ಲದಿದ್ದರೆ ಅದೇ ಮುಂದಿನ ಬೇಸಿಗೆಗೆ ಮರಿಗಳ ತೊಟ್ಟಿಲಾಗುತ್ತದೆ.

ಎರಡನೆಯದು, ಕಂಬ ಇನ್ನೂ ಗಟ್ಟಿ ಉಳಿದಿದ್ದರೆ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಬಹುದು. ಭರತದ ಗೆರೆಯ ಮೇಲಿನಿಂದ ಕೆಸರಿನ ಒಳಗಿನವರೆಗೆ ಸಂದಿಲ್ಲದೆ ಬಿಗಿಯಾಗಿ ಸುತ್ತಬೇಕು. ಒಳಗೆ ಸಿಕ್ಕ ನೀರಿನಲ್ಲಿ ಆಮ್ಲಜನಕ ಮುಗಿದು ಹುಳ ಸಾಯುತ್ತದೆ, ಹೊಸ ಮರಿಗೆ ಅಂಟಲು ಮರ ಸಿಗುವುದಿಲ್ಲ. ಒಂದು ಕಡೆ ಹರಿದರೂ ಸುತ್ತಿದ್ದು ದಂಡ. ದೋಣಿ ಉಜ್ಜುವ ಜಾಗದಲ್ಲಿ ವರ್ಷಕ್ಕೊಮ್ಮೆ ನೋಡುತ್ತಿರಬೇಕು.

ಮೂರನೆಯದು, ಮತ್ತೆ ಮರವೇ ಬೇಕು ಅಂದರೆ ಅಂಗಡಿಯಲ್ಲಿ ಸಿಗುವ ಹಸಿರು ಛಾಯೆಯ “ಟ್ರೀಟೆಡ್” ಮರ ಸಾಲದು. ಬೇಲಿಗೂಟದ ಹಾಗೆ ಬರೀ ನೆಲಕ್ಕೆ ತಗಲುವ ಮರಕ್ಕೆ ಒತ್ತಡದಲ್ಲಿ ತುಂಬುವ ತಾಮ್ರದ ಮದ್ದು ಘನ ಅಡಿಗೆ 0.40 ಪೌಂಡ್. ಉಪ್ಪುನೀರಿನ ಹಲಗೆಗೆ 2.5 ಪೌಂಡ್ ಬೇಕು, ಅಂದರೆ ಆರು ಪಟ್ಟಿಗೂ ಹೆಚ್ಚು. ಮರಕ್ಕೆ ಹೊಡೆದ ಚೀಟಿಯಲ್ಲಿ ಈ ಅಂಕಿ ಇರುತ್ತದೆ, ಓದಿ ತೆಗೆದುಕೊಳ್ಳಬೇಕು. ಮದ್ದು ಹೊರಪದರದಲ್ಲೇ ಹೆಚ್ಚು ಇರುವುದರಿಂದ ಗರಗಸ ಹಾಕಿದ ತುದಿ, ಬೋಲ್ಟಿಗೆ ಕೊರೆದ ತೂತು, ಇವೇ ಹುಳಕ್ಕೆ ಹೆಬ್ಬಾಗಿಲು. ಅಲ್ಲೆಲ್ಲ ಮತ್ತೆ ಮದ್ದು ಹಚ್ಚಬೇಕು, ಬೇಡದ ತೂತಿಗೆ ಬೆಣೆ ಹೊಡೆಯಬೇಕು. ಬೋಲ್ಟು ಸತುವಿನ ಲೇಪದ್ದೋ ಸ್ಟೇನ್‌ಲೆಸ್ಸೋ ಇರಬೇಕು, ತಾಮ್ರದ ಮದ್ದು ಬರೀ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಇನ್ನೊಂದು ಮಾತು: ಹುಳಕ್ಕೆ ವಿಷವಾದದ್ದು ನೀರಿನ ಬಳಚಿಗೂ ಒಳ್ಳೆಯದಲ್ಲ. ಅದಕ್ಕೇ ಕೆಲಸ ಶುರು ಮಾಡುವ ಮೊದಲು ಸರ್ಕಾರದ ನಿಯಮ, ಅನುಮತಿ ಎರಡನ್ನೂ ಕೇಳಿಕೊಳ್ಳಬೇಕು.

ನಾಲ್ಕನೆಯದು, ಗೋಡೆಯ ಹಿಂದೆ ನೀರು ಇಳಿಯಲು ದಾರಿ ಬೇಕು. ಮಳೆಯಾದ ಮೇಲೆ ಇಳಿತ ಬಂದರೆ ಒಳಗಿನ ನೀರು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಸಣ್ಣ ತೂತು ಬಿಟ್ಟು, ಹಲಗೆಯ ಹಿಂದೆ ನೀರು ಸೋಸುವ ಬಟ್ಟೆ ಹಾಕಿದರೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ.

ನಮ್ಮ ಗೋಡೆಯಲ್ಲಿ ಮುಕ್ಕಾಲು ಪಾಲು ಹಲಗೆ ಹೋಗಿತ್ತು. ಕಂಬಗಳಲ್ಲಿ ಹೆಚ್ಚಿನವು ಉಳಿದಿದ್ದವು. ಹಲಗೆಯ ಜಾಗಕ್ಕೆ ವಿನೈಲ್ ತಗಡು, ಕಂಬಕ್ಕೆ ಹಾಳೆ ಸುತ್ತುವುದು, ಪೂರಾ ಹೋದ ಮೂರು ಕಂಬ ಹೊಸತು ಅಂತ ತೀರ್ಮಾನವಾಯಿತು. ಕಾರಿನ ದುಡ್ಡು ಸ್ಕೂಟರಿನ ದುಡ್ಡಿಗೇನೂ ಇಳಿಯಲಿಲ್ಲ. ಇವರ ಊರಿನ ಪ್ರಯಾಣ ಈ ವರ್ಷ ಇಲ್ಲ. ಮಗಳು ಬೇಜಾರಿನಲ್ಲೇ ಒಪ್ಪಿದಳು, ನನಗೂ ಬೇಜಾರೇ. ಕೆಲಸ ಮುಗಿಯುವವರೆಗೆ ಹಿತ್ತಲಿಗೆ ಹಗ್ಗ ಕಟ್ಟಿ ಮೊಮ್ಮಗಳನ್ನು ಆಚೆ ಬಿಡುತ್ತಿಲ್ಲ.

ಊರ ಕಡೆ ದೋಣಿ, ಧಕ್ಕೆಯ ಕಂಬ, ಗಜನಿ ಬಾಗಿಲು ಇರುವ ಓದುಗರಿಗೂ ಎರಡು ಮಾತು. ದೋಣಿಯನ್ನು ದಡಕ್ಕೆಳೆದು ಚೆನ್ನಾಗಿ ಒಣಗಿಸುವುದು, ಮಳೆಗಾಲದಲ್ಲಿ ಹೊಳೆಯ ಸಿಹಿನೀರಿನಲ್ಲಿ ಕಟ್ಟುವುದು, ಇವೆಲ್ಲ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಆದರೆ ಎರಡು ಮೂರು ದಿನ ಸಾಲದು. ಈ ಹುಳ ತೂತಿಗೆ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಒಳಗೆ ಕೂರಬಲ್ಲದು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕಡಲ ನೀರಿನಲ್ಲಿ ಮರ ಹಾಳಾಗುವ ಬಗ್ಗೆ ಅವರು ವಿಶಾಖಪಟ್ಟಣದಲ್ಲಿ ಸಂಶೋಧನೆ ನಡೆಸಿದ್ದಾರೆ. ಯಾವ ಮರ, ಯಾವ ಮದ್ದು ಅಂತ ಕೇಳುವುದಿದ್ದರೆ ಅಂಥವರನ್ನು ಕೇಳಿ, ಬಣ್ಣದ ಡಬ್ಬ ಹಿಡಿದು ಬಾಗಿಲಿಗೆ ಬಂದವರನ್ನಲ್ಲ.

ನಿನ್ನೆ ಸಂಜೆ ಅಳಿಯಂದಿರು ಆ ಹುಳ ತಿಂದ ಚೂರನ್ನು ಎಸೆಯಲು ಹೊರಟಿದ್ದರು. ಮಗಳು ಬೇಡ ಅಂದು ತೊಳೆದು, ಒಣಗಿಸಿ, ಅಡುಗೆಮನೆ ಕಿಟಕಿಯಲ್ಲಿ ಇಟ್ಟಳು. ಕಾಫಿ ಕುಡಿಯುವಾಗ ಕಣ್ಣಿಗೆ ಬೀಳಲಿ ಅಂತ. ನಮ್ಮಪ್ಪನೂ ಆ ಮುರಿದ ಹಲಗೆಯನ್ನು ಬಹಳ ವರ್ಷ ಜಗಲಿಯ ಮೂಲೆಯಲ್ಲೇ ಇಟ್ಟುಕೊಂಡಿದ್ದರು. ಯಾಕೆ ಅಂತ ಆಗ ನಾವು ಯಾರೂ ಕೇಳಿರಲಿಲ್ಲ.

ಮುಂದಿನ ಸಲ ಮಾಗಾಣಿ ಬೇರು ಖಂಡಿತ.