ಮೊದಲು ಚೋಕ್ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ

ಸಂಕ್ರಾಂತಿಗೆ ಮುಂಚಿನ ಚಳಿ. ಬೆಳಗಿನ ಜಾವ ನಮ್ಮ ಅತ್ತಿಗೆಗೆ ಹೆರಿಗೆ ನೋವು ಶುರುವಾಯಿತು. ಮನೆಯಲ್ಲಿ ಅಪ್ಪನ ಹಳೇ ಮಾರುತಿ 800 ಇದೆ. ಅಣ್ಣ ಚೋಕ್ ಎಳೆದು ಸೆಲ್ಫ್ ಹೊಡೆದ. ಆಕ್ಸಲರೇಟರ್ ತುಳಿದು ತುಳಿದು ಮತ್ತೆ ಹೊಡೆದ. ಬ್ಯಾಟರಿ ಇಳಿಯಿತೇ ಹೊರತು ಕಾರು ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಕಂಬಳಿ ಹಾಸಿ ಅತ್ತಿಗೆಯನ್ನು ಆಸ್ಪತ್ರೆಗೆ ಸಾಗಿಸಿದೆವು. ತಾಯಿ, ಮಗು ಚೆನ್ನಾಗಿದ್ದಾರೆ. ಆದರೆ ಆ ಅರ್ಧ ಗಂಟೆ ನನಗೆ ಮರೆಯುವುದಿಲ್ಲ.

ಇದಕ್ಕೆ ಎರಡು ವಾರದ ಹಿಂದಷ್ಟೇ ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದೆವು. ಅಲ್ಲಿ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಸ್ಕ್ರೂ ತಿರುಗಿಸಿ ಕೊಟ್ಟಿದ್ದರು. ನಿಜವಾದ ದೋಷ ಚೋಕ್ ಕೇಬಲ್‌ನಲ್ಲಿತ್ತು. ಒಳಗೆ ತುಕ್ಕು ಹಿಡಿದು ಕ್ಲಿಪ್ ಜಾರಿತ್ತು. ಡ್ಯಾಶ್‌ಬೋರ್ಡಿನ ಗುಬ್ಬಿ ಹೊರಗೆ ಬರುತ್ತಿತ್ತು, ಕಾರ್ಬೊರೇಟರ್ ಬಾಯಿಯ ಮುಚ್ಚಳ ಮಾತ್ರ ಅಲ್ಲಾಡುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ: ಕಾರ್ಬೊರೇಟರ್ ಬಿಚ್ಚುವ ಮೊದಲು ಚೋಕ್ ನೋಡಬೇಕು. ಅದನ್ನು ನೋಡುವುದು ಮನೆಯವರಿಗೆಲ್ಲ ಗೊತ್ತಿರಬೇಕು.

ಚೋಕ್ ಕೆಲಸ ಬಹಳ ಸರಳ. ಪೆಟ್ರೋಲ್ ಆವಿಯಾಗಿ ಗಾಳಿಯೊಂದಿಗೆ ಬೆರೆತರೆ ಮಾತ್ರ ಇಂಜಿನ್ ಉರಿಯುತ್ತದೆ. ಚಳಿಯಲ್ಲಿ ಅದು ಸರಿಯಾಗಿ ಆವಿಯಾಗುವುದಿಲ್ಲ. ಚೋಕ್ ಎಳೆದಾಗ ಮುಚ್ಚಳ ಮುಚ್ಚಿಕೊಂಡು ಗಾಳಿ ಕಡಿಮೆಯಾಗುತ್ತದೆ, ಪೆಟ್ರೋಲ್ ಹೆಚ್ಚು ಹೋಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಚೋಕ್ ಬೇಡ. ಒಳಗೆ ತಳ್ಳಲು ಮರೆತರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪ್ಲಗ್‌ಗೆ ಮಸಿ, ಮೈಲೇಜ್ ಅರ್ಧಂಬರ್ಧ. ಹಾಗೇ ಓಡಿಸಿದರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೂ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಇಂಜಿನ್ ತಣ್ಣಗಿರಲಿ, ಕೀ ಆಫ್ ಇರಲಿ. ಏರ್ ಫಿಲ್ಟರ್ ಮುಚ್ಚಳ ತೆಗೆದು ಫಿಲ್ಟರ್ ಎತ್ತಿಡಿ. ಒಬ್ಬರು ಚೋಕ್ ಎಳೆಯಲಿ, ಇನ್ನೊಬ್ಬರು ಕಾರ್ಬೊರೇಟರ್ ಬಾಯಿ ನೋಡಲಿ. ಎಳೆದಾಗ ಪೂರ್ತಿ ಮುಚ್ಚಬೇಕು, ತಳ್ಳಿದಾಗ ಪೂರ್ತಿ ತೆರೆಯಬೇಕು. ಹಾಗಾಗದಿದ್ದರೆ ತೊಂದರೆ ಕೇಬಲ್‌ನಲ್ಲಿ ಅಥವಾ ಮುಚ್ಚಳದ ಕೀಲಿನಲ್ಲಿ. ಫಿಲ್ಟರ್ ತುಂಬ ಧೂಳಿದ್ದರೆ ಅದೂ ಚೋಕ್ ಎಳೆದ ಹಾಗೇ.

ಚೋಕ್ ಸರಿಯಿದ್ದರೆ ಕಾರು ಕೊಡುವ ಸೂಚನೆ ಗಮನಿಸಿ. ಬಿಸಿಯಾದ ಮೇಲೂ ಚೋಕ್ ಎಳೆದರಷ್ಟೇ ಓಡುತ್ತದೆಯೇ? ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಪೆಟ್ರೋಲ್ ಫಿಲ್ಟರ್, ಬಿರುಕು ಬಿಟ್ಟ ರಬ್ಬರ್ ಪೈಪು, ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ ನೋಡಿ. ರೇಸ್ ಕೊಟ್ಟರೆ ಓಡಿ, ಕಾಲು ತೆಗೆದರೆ ಆಫ್ ಆಗುತ್ತದೆಯೇ? ಸ್ಲೋ ಜೆಟ್ ಕಟ್ಟಿರಬಹುದು. ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇದು ಸಾಮಾನ್ಯ. ಪೆಟ್ರೋಲ್ ಒಣಗಿ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥೆನಾಲ್ ಇರುತ್ತದೆ. ಅದು ನೀರಿನಂಶ ಹೀರುತ್ತದೆ, ಹಳೇ ರಬ್ಬರಿಗೂ ಒಗ್ಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಕಾರನ್ನು ಓಡಿಸಿ.

ನಮ್ಮ ಅಣ್ಣನ ಹಾಗೆ ತುಳಿದು ತುಳಿದು ಪೆಟ್ರೋಲ್ ಓವರ್‌ಫ್ಲೋ ಆದರೆ ಚೋಕ್ ಒಳಗೆ ತಳ್ಳಿ, ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮತ್ತೆ ಮತ್ತೆ ತುಳಿಯಬೇಡಿ.

ಎರಡು ಕೆಲಸ ಯಾವತ್ತೂ ಬೇಡ. ಒಂದು, ಬಾಟಲಿಯಿಂದ ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು. ಬೆಂಕಿ ಹಿಂದಕ್ಕೆ ಹಾರಿದರೆ ಕೈಯಲ್ಲಿರುವ ಬಾಟಲಿಯೇ ಹೊತ್ತಿಕೊಳ್ಳುತ್ತದೆ. ಎರಡು, ಜೆಟ್ಟಿನ ತೂತಿಗೆ ತಂತಿ ಹಾಕುವುದು. ಹಿತ್ತಾಳೆಯ ತೂತು ಕೂದಲಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಕ್ಲೀನರ್ ಸ್ಪ್ರೇ, ಕಂಪ್ರೆಸರ್ ಗಾಳಿ ಸಾಕು.

ಎಲ್ಲ ತಪ್ಪನ್ನೂ ಮೆಕ್ಯಾನಿಕ್‌ಗಳ ಮೇಲೆ ಹಾಕಲಾರೆ. 2000ದ ಆಸುಪಾಸಿನಿಂದ ಹೊಸ ಕಾರುಗಳಿಗೆ ಎಂಪಿಎಫ್‌ಐ ಬಂತು. ಇವತ್ತಿನ ಹುಡುಗರು ಕಲಿತದ್ದು ಅದನ್ನೇ. ಕಾರ್ಬೊರೇಟರ್ ಬಲ್ಲ ಹಿರಿಯರು ಒಬ್ಬೊಬ್ಬರೇ ಅಂಗಡಿ ಮುಚ್ಚುತ್ತಿದ್ದಾರೆ. ನಮ್ಮದೂ ತಪ್ಪಿದೆ. ಬಿಚ್ಚಿ ತೊಳೆದರೆ ದುಡ್ಡು ಕೊಡುತ್ತೇವೆ. ಬಗ್ಗಿ ನೋಡಿ, 'ಕೇಬಲ್ ಬದಲಿಸಿ ಸಾಕು' ಎಂದವರಿಗೆ, 'ಇಷ್ಟಕ್ಕೂ ದುಡ್ಡಾ?' ಎನ್ನುತ್ತೇವೆ. ಹಾಗಿದ್ದ ಮೇಲೆ ಅವರು ಬಿಚ್ಚದೆ ಇನ್ನೇನು ಮಾಡುತ್ತಾರೆ? ದೋಷ ಹುಡುಕಿ ಕೊಟ್ಟವರಿಗೂ ಕೂಲಿ ಕೊಡೋಣ.

ಹಳೇ ಕಾರನ್ನು ಗುಜರಿಗೆ ಹಾಕಿ ಎನ್ನುವವರೂ ಇದ್ದಾರೆ. ಕಪ್ಪು ಹೊಗೆ ಉಗುಳುವ ಕಾರು ರಸ್ತೆಗೆ ಬರಬಾರದು, ಅದನ್ನು ಒಪ್ಪುತ್ತೇನೆ. ಆದರೆ ಎಷ್ಟೋ ಸಲ ಆ ಹೊಗೆಗೆ ಕಾರಣ ಸಿಕ್ಕಿಕೊಂಡ ಚೋಕ್. ಹದಿನೈದು ವರ್ಷ ದಾಟಿದ ಕಾರಿಗೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಿಕೊಂಡು ಓಡಿಸುತ್ತಿರುವ ಮನೆಗಳಿಗೆ ಹೊಸ ಕಾರಿನ ಸಾಲ ಹೊರುವ ಶಕ್ತಿ ಇಲ್ಲ. ನಮ್ಮ ಬೀದಿಯ ಐದು ಮನೆಗೆ ರಾತ್ರಿ ಹೊತ್ತು ಇರುವುದು ಆ ಒಂದೇ ಕಾರು.

ಈಗ ಹೊಸ ಕೇಬಲ್ ಹಾಕಿಸಿದ್ದೇವೆ. ಗ್ಯಾರೇಜಿಗೆ ಕೊಟ್ಟಿದ್ದರಲ್ಲಿ ಕಾಲು ಭಾಗವೂ ಖರ್ಚಾಗಲಿಲ್ಲ. ಅತ್ತಿಗೆಯೂ ಚೋಕ್ ಪರೀಕ್ಷೆ ಕಲಿತಿದ್ದಾರೆ. ನಿಮ್ಮ ಮನೆಯ ಹಳೇ ಕಾರಿನದನ್ನು ಈ ಭಾನುವಾರ ನೋಡಿ. ಬೆಳಕಿರುವಾಗಲೇ ನೋಡಿ.