ಬಕೆಟ್ ತರಬೇಡಿ, ಗೌಂಡಿಯನ್ನ ಕರೀರಿ

ನೇರವಾಗಿ ಹೇಳಿಬಿಡ್ತೀನಿ. ನಿಮ್ಮ ಮನೆ ಮಾಳಿಗೆಗೆ ನೀವೇ ವಾಟರ್‌ಪ್ರೂಫಿಂಗ್ ಮಾಡೋಕೆ ಹೋಗಬೇಡಿ. ದುಡ್ಡು ದಂಡ ಆಗುತ್ತೆ ಅಂತಲ್ಲ, ದುಡ್ಡು ಮತ್ತೆ ದುಡೀಬಹುದು. ನಾನು ಮಾಡಿದ ಘನಕಾರ್ಯದಿಂದ ನಮ್ಮ ಆಯಿ (ನಮ್ಮ ಕಡೆ ಅಜ್ಜಿಗೆ ಹಾಗೇ ಕರೆಯೋದು) ಸ್ವಲ್ಪದರಲ್ಲಿ ಉಳಿದ್ಲು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಸಿಟ್ಟು ನನ್ನ ಮೇಲೆ, ಇನ್ನರ್ಧ "ಇದೇನ್ ಮಹಾ, ನೀವೇ ಮಾಡ್ಕೊಳ್ಳಿ" ಅನ್ನೋ ಮೂರು ನಿಮಿಷದ ವಿಡಿಯೋಗಳ ಮೇಲೆ.

ನಮ್ಮೂರು ಕಾಳಗಿ. ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿತ್ತು, ಈಗ ಅದೇ ತಾಲ್ಲೂಕು ಕೇಂದ್ರ. ಸುತ್ತಮುತ್ತ ಸುಣ್ಣದ ಕಲ್ಲಿಗೆ, ಸಿಮೆಂಟಿಗೆ ಹೆಸರಾದ ಊರುಗಳು: ವಾಡಿ, ಶಹಾಬಾದ್, ಸೇಡಂ, ಮಳಖೇಡ. ಇಂಥಾ ನೆಲದಲ್ಲಿ ಹುಟ್ಟಿದವನಿಗೆ ಕಾಂಕ್ರೀಟಿನ ಜ್ಞಾನ ರಕ್ತದಲ್ಲೇ ಬಂದಿರುತ್ತೆ ಅಂದ್ಕೊಂಡಿದ್ದೆ. ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಆದ್ರೂ ಬಿ.ಇ. ಬಿ.ಇ.ನೇ ಅಲ್ವಾ :)

ನಮ್ಮನೆ ಎರಡು ಭಾಗ. ಹಿಂದಿನದು ಮುತ್ಯಾನ ಕಾಲದ್ದು. ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆ ಮೇಲೆ ಶಹಾಬಾದ್ ಫರಸಿ, ಅದರ ಮೇಲೆ ಮಣ್ಣು. ಮುಂದಿನದು ಅಪ್ಪ ಕಟ್ಟಿಸಿದ ಆರ್‌ಸಿಸಿ. ಆರ್‌ಸಿಸಿಯ ನಡುವಿನ ಕೋಣೆಯಲ್ಲಿ, ಆಯಿ ಮಲಗೋ ಮಂಚದ ಸರಿಯಾಗಿ ಮೇಲೆ, ಮಳೆಗಾಲ ಬಂತಂದ್ರೆ ಕಲೆ ಮೂಡ್ತಿತ್ತು. ಗೌಂಡಿ ಬಂದು ನೋಡಿ ಪ್ಯಾರಾಪೆಟ್ಟಿನ ಬುಡ ಕೆತ್ತಬೇಕು, ಇಳಿಜಾರು ಸರಿಮಾಡಬೇಕು ಅಂತ ಒಂದು ಮೊತ್ತ ಹೇಳಿದ. ನಾನು ಅದರ ಐದನೇ ಒಂದು ಭಾಗದಲ್ಲಿ ಇಪ್ಪತ್ತು ಲೀಟರಿನ ಕೋಟಿಂಗ್ ಬಕೆಟ್ ತಂದೆ. 2023ರ ಮೇ ತಿಂಗಳು, ರಜೆ ಹಾಕಿ ಊರಿಗೆ ಹೋಗಿದ್ದೆ. ಕಾಕಾನ ಮಗನನ್ನ ಜೊತೆಗೆ ಕಟ್ಕೊಂಡು ಎರಡು ಕೋಟ್ ಬಳಿದೆ. ಕೆಳಗಿನ ಕಲೆ ಅಸಹ್ಯ ಕಾಣುತ್ತೆ ಅಂತ ಛತ್ತಿಗೂ ತೇವ ತಡೆಯೋ ಬಣ್ಣ ಹೊಡೆದೆ. ಆ ವರ್ಷ ಹನಿ ಬೀಳಲಿಲ್ಲ. ಮರುವರ್ಷವೂ ಇಲ್ಲ. ಓಣಿಯಲ್ಲಿ ನಾನು ಹೀರೋ. ಇಬ್ಬರು ಬಂದು ಬಕೆಟ್ಟಿನ ಹೆಸರು ಬರ್ಕೊಂಡು ಹೋದ್ರು.

2025ರ ಬೇಸಿಗೆ, ಮಳೆಯ ಸುಳಿವೇ ಇಲ್ಲದ ಮಟಮಟ ಮಧ್ಯಾಹ್ನ, ಛತ್ತಿನ ಗಾರೆ ತಟ್ಟೆಯಷ್ಟಗಲ, ಎರಡು ಬೆರಳು ದಪ್ಪದ ತುಂಡಾಗಿ ಆಯಿಯ ದಿಂಬಿನ ಮೇಲೆ ಬಿತ್ತು. ಆಯಿ ಆಗಷ್ಟೇ ನೀರು ಕುಡೀಲಿಕ್ಕೆ ಅಂತ ಎದ್ದು ಹೋಗಿದ್ಲು.

ಅಪ್ಪ ಫೋಟೋ ಕಳಿಸಿದ್ರು. ಬಿದ್ದ ಜಾಗದಲ್ಲಿ ಸರಳು ಕಾಣ್ತಿತ್ತು, ಸರಳಿನ ಮೈಯೆಲ್ಲ ಪದರ ಪದರ ತುಕ್ಕು. ಅದನ್ನ ನೋಡಿದ ಮೇಲೆ ನಾನು ಮಾಡಿದ್ದು ಏನು ಅಂತ ಅರ್ಥ ಮಾಡ್ಕೊಳ್ಳೋಕೆ ಕೂತೆ. (ಬಳಿಯೋ ಮುಂಚೆ ಕೂರಬೇಕಿತ್ತು, ಗೊತ್ತು.)

ನೀರು ಒಳಗೆ ಬರ್ತಿದ್ದದ್ದು ಸ್ಲ್ಯಾಬಿನ ನಡುವಿಂದ ಅಲ್ಲ, ಗೌಂಡಿ ಹೇಳಿದ ಹಾಗೆ ಪ್ಯಾರಾಪೆಟ್ಟು ಮತ್ತು ಸ್ಲ್ಯಾಬು ಕೂಡೋ ಮೂಲೆಯ ಬಿರುಕಿಂದ. ಕಾಂಕ್ರೀಟು ಪ್ರತಿ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ ಹತ್ತು ಭಾಗ ಹಿಗ್ಗುತ್ತೆ. ಹತ್ತು ಮೀಟರ್ ಉದ್ದದ ಸ್ಲ್ಯಾಬಿಗೆ ಮೂವತ್ತು ಡಿಗ್ರಿ ಏರಿದ್ರೆ ಮೂರು ಮಿಲಿಮೀಟರ್. ನಮ್ಮ ಕಲಬುರಗಿ ಬಿಸಿಲಲ್ಲಿ ಗಾಳಿಯೇ ನಲವತ್ತೆರಡು ದಾಟುತ್ತೆ, ಇನ್ನು ಬೋಳು ಸ್ಲ್ಯಾಬಿನ ಕಥೆ ಕೇಳಬೇಡಿ. ದಿನಾ ಹಿಗ್ಗಿ ಕುಗ್ಗೋ ಬಿರುಕಿನ ಮೇಲೆ ಒಂದು ಮಿಲಿಮೀಟರ್ ಕೂಡ ದಪ್ಪ ಇಲ್ಲದ ನನ್ನ ಬಣ್ಣ ಎಷ್ಟು ದಿನ ತಡೀಬೇಕು? ಅಲ್ಲಿ ಕೂದಲೆಳೆಯಷ್ಟು ಸೀಳಿತು. ನೀರು ಮೊದಲಿನ ಹಾಗೇ ಒಳಗೆ ಹೋಯ್ತು. ವ್ಯತ್ಯಾಸ ಒಂದೇ, ಮೊದಲು ಆ ನೀರು ಬಿಸಿಲಿಗೆ ಮೇಲಿಂದ ಆರ್ತಿತ್ತು, ಕೆಳಗಿಂದ ಕಲೆಯಾಗಿ ಕಾಣ್ತಿತ್ತು. ನಾನು ಎರಡೂ ಬಾಗಿಲು ಹಾಕಿದ್ದೆ. ಸರಳು ಎರಡು ವರ್ಷ ಒದ್ದೆಯಲ್ಲೇ ಕೂತಿತ್ತು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ. ಜಾಗ ಇಲ್ಲದಿದ್ರೆ ಕಾಂಕ್ರೀಟನ್ನೇ ಒದ್ದು ಜಾಗ ಮಾಡ್ಕೊಳ್ಳುತ್ತೆ.

ಅಂದ್ರೆ ನಾನು ಸೋರಿಕೆ ನಿಲ್ಲಿಸಿರಲಿಲ್ಲ, ಸೋರಿಕೆ ಕಾಣೋದನ್ನ ನಿಲ್ಲಿಸಿದ್ದೆ. ಪ್ರೋಗ್ರಾಮ್ ಬರೆಯೋರಿಗೆ ಒಂದೇ ಮಾತಲ್ಲಿ ಹೇಳಬೇಕಂದ್ರೆ, ಎರರ್ ಬರ್ತಿದೆ ಅಂತ ಲಾಗನ್ನೇ ಬಂದ್ ಮಾಡಿದ ಹಾಗೆ. ಆ ಕಲೆ ನಮ್ಮ ಮನೆಯ ಏಕೈಕ ಎಚ್ಚರಿಕೆ ಗಂಟೆ ಆಗಿತ್ತು.

"ಗೌಂಡಿಗಳೇನು ಸಾಚಾನಾ?" ಅಂತ ಕೇಳ್ತೀರಿ. ಅಲ್ಲ. ಇದೇ ಬಕೆಟ್ ತಂದು ಬಳಿದು ಮೂರು ಪಟ್ಟು ದುಡ್ಡು ಎಣಿಸ್ಕೊಂಡು ಹೋಗೋರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಅವನ ಕೈಲಿ ಮಾಳಿಗೆ ಮೇಲೆ ನೀರು ಕಟ್ಟಿಸಿ ಎರಡು ದಿನ ನಿಲ್ಲಿಸಿ ತೋರ್ಸು ಅನ್ನಬಹುದು, ಅರ್ಧ ದುಡ್ಡು ಮಳೆಗಾಲ ಮುಗಿಯೋವರೆಗೂ ಹಿಡ್ಕೋಬಹುದು. ನನ್ನ ಕೆಲಸ ನಾನೇ ಪರೀಕ್ಷೆ ಮಾಡಿ ನಾನೇ ಪಾಸ್ ಮಾಡ್ಕೊಂಡೆ.

ಇನ್ನೊಂದು ವಾದ ನಮ್ಮ ಅಪ್ಪನದ್ದೇ. "ನಿಮ್ಮ ಮುತ್ಯಾ ಯಾವ ಗೌಂಡಿ ಕರೀತಿದ್ದ? ವರ್ಷಾ ವರ್ಷಾ ತಾನೇ ಮಾಳಿಗಿಗಿ ಮಣ್ಣ ಹಾಕ್ತಿದ್ದಿಲ್ಲೇನು?" ಹೌದು, ಮಳೆಗೆ ಮುಂಚೆ ಸವಳು ಮಣ್ಣು ತಂದು ಹರವಿ ಬಡೀತಿದ್ರು. ಆ ಮಣ್ಣಲ್ಲಿರೋ ಸೋಡಿಯಂನಿಂದ ಜೇಡಿಯ ಕಣಗಳು ಒದ್ದೆಯಾದಾಗ ಬಿಡಿಬಿಡಿಯಾಗಿ ಸಂದುಗಳನ್ನ ಮುಚ್ಚುತ್ತವೆ. ಅದಕ್ಕೇ ಹೊಲಕ್ಕೆ ಬೇಡವಾದ ಮಣ್ಣು ಮಾಳಿಗೆಗೆ ಬೇಕು. ಆದ್ರೆ ಮುತ್ಯಾ ಅದನ್ನ ನಲವತ್ತು ವರ್ಷ ಮಾಡಿದ್ದ, ತನ್ನಪ್ಪನನ್ನ ನೋಡಿ ಕಲ್ತಿದ್ದ. ತಪ್ಪಾದ್ರೆ ಅದೇ ರಾತ್ರಿ ತಲೆ ಮೇಲೆ ಹನಿ ಬೀಳ್ತಿತ್ತು, ಬೆಳಗ್ಗೆ ಹತ್ತಿ ಒಂದು ಬುಟ್ಟಿ ಮಣ್ಣು ಹಾಕಿದ್ರೆ ಆಯ್ತು. ಹೊಸ ಮಣ್ಣು ಹಾಕೋ ಮುಂಚೆ ಹಳೇದನ್ನ ಕೆರೆದು ತೆಗೀತಿದ್ದ ಅಂತ ಆಯಿ ಹೇಳ್ತಾಳೆ, ಇಲ್ಲಾಂದ್ರೆ ತೊಲೆಗೆ ಭಾರ. ಹಾಗಂತ ಮಣ್ಣಿನ ಮನೆ ಅಜರಾಮರ ಅಂತ ನಾನು ಹಾಡ್ತಿಲ್ಲ. 2020ರ ಅಕ್ಟೋಬರ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಬಿದ್ದ ಮಣ್ಣಿನ ಮನೆಗಳನ್ನ ನೋಡಿದವರು ಯಾರೂ ಹಾಗೆ ಹಾಡಲ್ಲ.

ಭಾರದ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ, ಯಾಕಂದ್ರೆ ಬಣ್ಣಕ್ಕಿಂತ ಅಪಾಯದ ಹುಚ್ಚು ಇದು. ಕಾಕಾ ತಮ್ಮ ಮಾಳಿಗೆ ಮೇಲೆ ತಾವೇ ಇಟ್ಟಿಗೆ ಚೂರು, ಸಿಮೆಂಟು ಹಾಕಿ ನಾಲ್ಕು ಇಂಚು ಏರಿಸೋ ತಯಾರಿಯಲ್ಲಿದ್ರು. ನಾಲ್ಕು ಇಂಚು ಅಂದ್ರೆ ಚದರ ಮೀಟರಿಗೆ ಹತ್ತಿರ ಹತ್ತಿರ ಇನ್ನೂರು ಕಿಲೋ. ಹತ್ತು ಹನ್ನೆರಡಡಿಯ ಕೋಣೆಗೆ ಎರಡು ಟನ್ನಿಗೂ ಹೆಚ್ಚು. ಜನ ಓಡಾಡೋ ಚಪ್ಪಟೆ ಮಾಳಿಗೆಗೆ ಐಎಸ್ 875 ಲೆಕ್ಕ ಹಿಡಿಯೋ ಓಡಾಟದ ಭಾರವೇ ಚದರ ಮೀಟರಿಗೆ ನೂರೈವತ್ತು ಕಿಲೋ. ಕಟ್ಟುವಾಗ ಲೆಕ್ಕಕ್ಕಿಲ್ಲದ ಆನೆಯನ್ನ ತಂದು ಹಳೇ ಸ್ಲ್ಯಾಬಿನ ಮೇಲೆ ಕೂರಿಸಿದ ಹಾಗೆ. "ಕಾಕಾ, ಬ್ಯಾಡ್ರಿ" ಅಂದೆ. "ನೀ ಸುಮ್ಕಿರೋ, ನಿನ್ನ ಇಂಜಿನಿಯರಿಂಗ್ ನೋಡೀವಿ" ಅಂದ್ರು. ಏನಂತ ಉತ್ತರ ಕೊಡ್ಲಿ? ಕೊನೆಗೆ ಸಿವಿಲ್ ಓದಿದ ಗೆಳೆಯನನ್ನ ಕಲಬುರಗಿಯಿಂದ ಕರ್ಕೊಂಡು ಹೋಗಿ ಹೇಳಿಸಿದೆ.

ನೆಲದೊಳಗಿನ ನೀರಿನ ತೊಟ್ಟಿಗೆ ಒಳಗಿಳಿದು ತಾವೇ ಬಣ್ಣ ಹೊಡಿಯೋರಿಗೆ ಒಂದೇ ಮಾತು: ಕೆಲವು ಬಣ್ಣಗಳ ದ್ರಾವಕದ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತೆ, ಎಚ್ಚರ ತಪ್ಪಿಸುತ್ತೆ. ಎತ್ತೋಕೆ ಇಳಿದವನೂ ಮೇಲೆ ಬರಲ್ಲ. ಇಳೀಬೇಡಿ.

ಹಂಗಾದ್ರೆ ನಾವು ಕೈಕಟ್ಟಿ ಕೂರಬೇಕಾ? ಇಲ್ಲ. ಮಳೆಗೆ ಮುಂಚೆ ನೀರು ಹೋಗೋ ತೂತಿನ ಕಸ ತೆಗೀರಿ, ಪ್ಯಾರಾಪೆಟ್ಟಿನ ಅರಳಿ ಸಸಿ ಚಿಕ್ಕದಿದ್ದಾಗಲೇ ಕೀಳಿಸಿ. ಛತ್ತಿನ ಕಲೆಯ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀರಿ. ಆದ್ರೆ ಅದರ ಮೇಲೆ ಬಣ್ಣ ಹೊಡೀಬೇಡಿ.

ನಮ್ಮನೆ ಕೆಲಸ ಕೊನೆಗೂ ಅದೇ ಗೌಂಡಿಯೇ ಮಾಡಿದ. ಸಡಿಲಾದ ಗಾರೆಯೆಲ್ಲ ಕೆಡವಿ, ಸರಳಿನ ತುಕ್ಕು ತಂತಿ ಬ್ರಶ್ಶಲ್ಲಿ ತಿಕ್ಕಿ, ನನ್ನ ಬಣ್ಣವನ್ನ ಕೆರೆದು ತೆಗೆಯೋಕೇ ಅವನಿಗೆ ನಾಲ್ಕು ದಿನ ಬೇಕಾಯ್ತು, ಅದರ ಕೂಲಿ ಬೇರೆ. ಎರಡು ವರ್ಷದ ಹಿಂದೆ ಕೇಳಿದ್ದರ ಎರಡರಷ್ಟು ಆಯ್ತು. ಆಯಿ ಮಾತ್ರ ಆ ಕೋಣೆಗೆ ವಾಪಸ್ ಹೋಗಲಿಲ್ಲ. ಮಂಚ ಹಿಂದಿನ ಫರಸಿ ಮನೆಗೆ ಹಾಕಿಸ್ಕೊಂಡಿದ್ದಾಳೆ. "ಇಲ್ಲಿ ಸೋರಿದ್ರ ಗೊತ್ತರ ಆಗ್ತದ ತಮ್ಮಾ" ಅಂತಾಳೆ.

ಖಾಲಿ ಬಕೆಟ್ಟಲ್ಲಿ ಅವ್ವ ಈಗ ಆಕಳಿಗೆ ನೀರು ಇಡ್ತಾಳೆ. ಅದು ಮಾತ್ರ ಇವತ್ತಿಗೂ ಒಂದು ಹನಿ ಸೋರಿಲ್ಲ.